ಅತ್ತೆ ಬೈಯದ ದಿನಗಳು

ಜನವರಿ 6, ಸೋಮವಾರ

ಹಾಲಿನ ಡೈರಿಯವರು ಹೊಸ ವರ್ಷಕ್ಕೆ ಒಂದು ಡೈರಿ ಕೊಟ್ಟಿದ್ದಾರೆ. “ಹಸ ಎಷ್ಟು ಕರೀತು ಅಂತ ಅದ್ರಲ್ಲಿ ಬರ್ಕೊ” ಅಂದರು ಇವರು. ಹಸುವಿನ ಲೆಕ್ಕ ಹಸುವಿಗೇ ಗೊತ್ತಿದೆ, ನಾನು ನನ್ನ ಸಂಕಟ ಬರೆದುಕೊಳ್ಳುತ್ತೇನೆ. ಇವರು ಅಂದರೆ ನನ್ನ ಗಂಡ ಜಯಕುಮಾರ್. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಅನ್ನುವುದು ನಮ್ಮತ್ತೆಯ ಕಾನೂನು. ಬರೆಯಬಾರದು ಅಂತ ಅವರು ಇದುವರೆಗೆ ಹೇಳಿಲ್ಲ.

ಇವತ್ತು ಬೆಳಿಗ್ಗೆ ಸಾತನೂರಿನಿಂದ ರೇಷ್ಮೆ ಮರಿಹುಳ ತಂದೆವು. ಇನ್ನು ಗೂಡು ಬಿಡಿಸುವವರೆಗೆ ನಮಗೆ ಹಬ್ಬವಿಲ್ಲ, ಹರಿದಿನವಿಲ್ಲ, ನೆಂಟರಿಲ್ಲ, ಮಾಗಡಿಯಲ್ಲಿರುವ ಮಗಳ ಮನೆಗೂ ಹೋಗುವಂತಿಲ್ಲ. ಅತ್ತೆ ಬೈರಮ್ಮನವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ, ಮಂಡಿ ಮಾತು ಕೇಳುವುದಿಲ್ಲ. ಆದರೂ ಹುಳದ ಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರೆ ಪೊಲೀಸ್ ಠಾಣೆಯೇ ಎದ್ದು ಬಂದ ಹಾಗೆ. ಕಾಲು ತೊಳೆದೆಯಾ, ಪೌಡರು ಬಳಿದುಕೊಂಡಿದ್ದೀಯಾ, ಒಗ್ಗರಣೆ ವಾಸನೆ ಹೊತ್ತುಕೊಂಡು ಬಂದೆಯಾ? ತನಿಖೆ ಮುಗಿಯದೆ ಒಳಗೆ ಬಿಡುವುದಿಲ್ಲ.

“ಏ ಚನ್ನಪಟ್ಟಣದೋಳೆ, ಸೊಪ್ಪು ಒದ್ದೆ ಐತಲ್ಲೇ. ನೀರ್ ಕುಡ್ಸಿ ಸಾಯಿಸ್ತೀಯಾ ಹುಳನ?”

ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಕರೆಯುವುದು ಹೀಗೆ. ಲತಾಮಣಿ ಅನ್ನುವ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ನಮ್ಮಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದರು. ಗೊಂಬೆ ಕಡೆಯುವವನ ಮಗಳಿಗೆ ಹುಳ ಸಾಕುವುದು ಏನು ಗೊತ್ತು ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಮದುವೆಯ ಮಾರನೆಯ ದಿನ, ಕಡೆಯದಾಗಿ ಕೇಳಿದ್ದು ಇವತ್ತು ಮಧ್ಯಾಹ್ನ. ಒಂದು ದಿನ, ಒಂದೇ ಒಂದು ದಿನ ಈ ಅತ್ತೆ ಸುಮ್ಮನಿದ್ದರೆ ಮುನೇಶ್ವರನಿಗೆ ಹಣ್ಣುಕಾಯಿ ಮಾಡಿಸುತ್ತೇನೆ.

ಜನವರಿ 9, ಗುರುವಾರ

ಮುನೇಶ್ವರ ಕೇಳಿಸಿಕೊಂಡುಬಿಟ್ಟ. ಇವತ್ತು ಅತ್ತೆ ನನ್ನನ್ನು ಬೈಯಲಿಲ್ಲ.

ಹಿದುಕಿದ ಅವರೆಬೇಳೆ ಸಾರು ಮಾಡಿದ್ದೆ. ಈ ಕಾಲದ ಅವರೆಯ ಸೊಗಡಿಗೆ ಅತ್ತೆ ಒಂದೂವರೆ ಮುದ್ದೆ ಉಣ್ಣುವವರು, ಅರ್ಧ ಮುದ್ದೆಗೇ ಕೈ ತೊಳೆದರು. ಒಂದು ಮಾತಿಲ್ಲ. ಆಮೇಲೆ ನಾನು ಉಣ್ಣಲು ಕೂತಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಹಾಕಿರಲಿಲ್ಲ. ಉಪ್ಪಿಲ್ಲದ ಸಾರು ಉಂಡು ಅತ್ತೆ ಸುಮ್ಮನಿದ್ದರು ಅಂದರೆ ಸೂರ್ಯ ಇವತ್ತು ಪಡುವಣದಲ್ಲಿ ಹುಟ್ಟಿರಬೇಕು. ಹುಳದ ಮನೆಯ ಕಡೆಗೂ ಬರಲಿಲ್ಲ. ನಾನೊಬ್ಬಳೇ ಹಾಡು ಹೇಳಿಕೊಂಡು ಸೊಪ್ಪು ಹಾಕಿದೆ. ಸ್ಕೂಲಿಗೆ ರಜ ಕೊಟ್ಟಷ್ಟು ಖುಷಿಯಾಯಿತು.

ಜನವರಿ 10, ಶುಕ್ರವಾರ

ಹುಳ ಜ್ವರಕ್ಕೆ ಕೂತಿವೆ. ಹಳೆಯ ಚರ್ಮ ಕಳಚುವ ಮುಂಚೆ ಹುಳ ಸೊಪ್ಪು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಹಾಗನ್ನುತ್ತೇವೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಮೇಲೆ ಸುಣ್ಣದ ಪುಡಿ ಚೆಲ್ಲಿ, ಗಾಳಿಯಾಡಲು ಬಿಟ್ಟು ಬಾಗಿಲು ಎಳೆದುಕೊಂಡು ಬರಬೇಕು. ಚರ್ಮ ಕಳಚಿದ ಮೇಲೆ ತಾನೇ ಹಸಿದು ಏಳುತ್ತದೆ. ಇದೆಲ್ಲ ಅತ್ತೆ ಬೈದು ಬೈದು ಕಲಿಸಿದ್ದು.

ಅತ್ತೆಯೂ ಬೆಳಿಗ್ಗೆಯಿಂದ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಾರೆ. ಮುದ್ದೆ ಬೇಡ, ಕಾಫಿ ಬೇಡ. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಇವರೂ ಬಂದು ಹಣೆ ಮುಟ್ಟಿದರು, ಕತ್ತು ಮುಟ್ಟಿದರು.

“ಮೈ ತಣ್ಣಗೈತೆ. ಕೆಮ್ಮಿಲ್ಲ, ನೆಗಡಿ ಇಲ್ಲ. ಏನಾಗದೆ ಅವ್ವಂಗೆ? ಕೂತಿರೋ ಹುಳನ ಯಾರಾರ ಕೆದಕ್ತಾರಾ? ತಾನಾಗೇ ಎದ್ದು ಮುದ್ದೆ ಕೇಳ್ತಾಳೆ, ಬುಡು” ಅಂದರು.

ಆ ಮಾತು ನನಗೂ ಸರಿಯೆನ್ನಿಸಿತು. ಸುಮ್ಮನೆ ಕೂತವರನ್ನು ಮಾತಾಡಿಸಿ ಬೈಸಿಕೊಳ್ಳುವ ಹಂಬಲ ನನಗೇನೂ ಇಲ್ಲ. ಒಂದು ಚೊಂಬು ನೀರು ಪಕ್ಕದಲ್ಲಿಟ್ಟು ಬಂದೆ.

ಜನವರಿ 12, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನಾನು ತಲೆಗೆ ನೀರು ಹಾಕಿಕೊಂಡು ಅಂಗಳದ ಬಿಸಿಲಿಗೆ ಕೂತಿದ್ದೆ. ಅತ್ತೆ ಒಳಗಿನಿಂದ ಬಾಚಣಿಗೆ ಹಿಡಿದು ಬಂದರು. ಹೊಸ್ತಿಲಿನಿಂದ ಅಂಗಳಕ್ಕೆ ಬರುವಷ್ಟರಲ್ಲಿ ಏದುಸಿರು. ನನ್ನ ಹಿಂದೆ ಕಲ್ಲಿನ ಮೇಲೆ ಕೂತು, ಸ್ವಲ್ಪ ಸುಧಾರಿಸಿಕೊಂಡು, ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ಬಾರೆ ಅಂಕಿ. ನೋಡು ತಲೆಯ, ಕಾಗೆ ಗೂಡಾಗದೆ.”

ಅಂಕಿ ಅಂದರೆ ಅಂಕಮ್ಮ, ಅತ್ತೆಯ ತಂಗಿ. ಕೋಡಿಹಳ್ಳಿ ಕಡೆಯ ಅವರ ತವರಿನಲ್ಲಿ, ಮದುವೆಗೆ ಮೊದಲೇ ತೀರಿಕೊಂಡ ಹುಡುಗಿಯಂತೆ. ನಾನು ನೋಡಿದವಳಲ್ಲ, ಅತ್ತೆ ಅವಳ ಮಾತು ಎತ್ತಿದವರೂ ಅಲ್ಲ. ‘ನಾನು ಅಂಕಿ ಅಲ್ಲ ಅತ್ತೆ, ಲತಾ’ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬಾಚಣಿಗೆ ತಲೆಗೆ ಇಳಿಯಿತು. ಬಾಯಿ ಮುಚ್ಚಿಕೊಂಡೆ.

ನನ್ನ ತಲೆಯನ್ನು ಇನ್ನೊಬ್ಬರು ಬಾಚಿ ಎಷ್ಟು ಕಾಲವಾಯಿತೋ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹೋದಳು. ಆಮೇಲೆ ಅಪ್ಪನೇ ಜಡೆ ಹಾಕುತ್ತಿದ್ದರು. ಎರಡು ಜಡೆ ಎಂದೂ ಒಂದೇ ಸಮ ಬರಲಿಲ್ಲ. ಅವರ ಬೆರಳಿಗೆ ಯಾವಾಗಲೂ ಅರಗಿನ ಬಣ್ಣ ಹತ್ತಿರುತ್ತಿತ್ತು. ಅಪ್ಪ ಹಿಂದಿನ ದಿನ ಕೆಂಪು ಗೊಂಬೆ ಕಡೆದರೋ ಹಳದಿ ಕಡೆದರೋ ಅನ್ನುವುದನ್ನು ನನ್ನ ಜಡೆಯ ಬಿಳಿ ಟೇಪು ನೋಡಿ ಟೀಚರು ಹೇಳುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಅಪ್ಪ ನನ್ನ ತಲೆ ಮುಟ್ಟುವುದನ್ನು ಬಿಟ್ಟರು. ಅಲ್ಲಿಗೆ ಮುಗಿಯಿತು.

“ನೆಪ್ಪೈತಾ ಅಂಕಿ? ಆಲೆಮನೇಲಿ ಬಿಸಿ ಬೆಲ್ಲ ಕದ್ದು ಲಂಗದಾಗೆ ಕಟ್ಕಂಡು ಓಡ್ದಲ್ಲ. ತೊಡೆಯೆಲ್ಲ ಬೊಬ್ಬೆ. ಅವ್ವಂಗೆ ಯೋಳ್ಬ್ಯಾಡ ಕಣಕ್ಕ ಅಂತ ಕಾಲ್ ಕಟ್ಕಂಡೆ. ನಾನ್ ಯೋಳಿದ್ನಾ?”

“ಇಲ್ಲ ಕಣಕ್ಕ” ಅಂದೆ. ಬಾಯಿಗೆ ತಾನಾಗಿಯೇ ಬಂತು.

“ಯೋಳ್ನಿಲ್ಲ” ಅಂತ ಅತ್ತೆ ನಕ್ಕರು. ಅವರು ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಅನ್ನುವುದು ನನಗೆ ಇವತ್ತು ಗೊತ್ತಾಯಿತು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಹುಳ ಇರುವಾಗ ಹಬ್ಬವಿಲ್ಲ ಅಂದಿದ್ದೆ, ಆದರೆ ಇಷ್ಟು ಒಳ್ಳೆಯ ಹಬ್ಬ ಈ ಮನೆಯಲ್ಲಿ ನಾನು ಕಂಡಿಲ್ಲ. ಎಳ್ಳು ಹುರಿದು, ಬೆಲ್ಲ, ಕೊಬ್ಬರಿ ಹೆಚ್ಚಿ ತಟ್ಟೆಯಲ್ಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲೇ ಕೂತೆ. ಅವರು ಎರಡು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹಾಗೇ ದವಡೆಯಲ್ಲಿಟ್ಟುಕೊಂಡರು. ಹೊಟ್ಟೆಗಿಂತ ಮಾತಿಗೆ ಹಸಿದವರ ಹಾಗೆ ಮಾತಾಡಿದರು.

ಅವರ ಕಾಲದಲ್ಲಿ ಹುಳಕ್ಕೆ ಬೇರೆ ಮನೆ ಇರಲಿಲ್ಲವಂತೆ. ಇದ್ದ ಒಂದೇ ಅಂಕಣದಲ್ಲಿ ಮೇಲೆ ಬಿದಿರು ತಟ್ಟೆಗಳಲ್ಲಿ ಹುಳ, ಕೆಳಗೆ ಚಾಪೆಯ ಮೇಲೆ ಅಕ್ಕ ತಂಗಿ. ಬೆಳಿಗ್ಗೆ ಎದ್ದರೆ ಅಂಕಿಯ ಕೂದಲಲ್ಲಿ ಹುಳದ ಹಿಕ್ಕೆ. ಹುಣಸೆಹಣ್ಣು ಹೊತ್ತುಕೊಂಡು ಸಾತನೂರು ಸಂತೆಗೆ ನಡೆದು ಹೋಗಿ, ಹುಣಸೆ ಕೊಟ್ಟು ಬಳೆ ತೊಟ್ಟು, ದಾರಿಯಲ್ಲಿ ಜಗಳವಾಡಿ ಬಳೆ ಒಡೆದುಕೊಂಡು ಮನೆಗೆ ಬಂದಿದ್ದರಂತೆ. ಅವರಪ್ಪ ಒಂದು ಸಲ ಚನ್ನಪಟ್ಟಣದಿಂದ ಬಣ್ಣದ ಗಿಲಕಿ ತಂದುಕೊಟ್ಟಿದ್ದನಂತೆ. ಒಳಗೆ ಏನು ಸದ್ದು ಮಾಡುತ್ತದೆ ನೋಡೋಣ ಅಂತ ಇಬ್ಬರೂ ಸೇರಿ ಕಲ್ಲಿನಲ್ಲಿ ಜಜ್ಜಿದರಂತೆ. ನಾನು ಲೆಕ್ಕ ಹಾಕಿದೆ. ನಮ್ಮ ತಾತ ಆಗ ಕಡೆಯುತ್ತಿದ್ದ ಕಾಲ. ಅವನೇ ಕಡೆದಿದ್ದರೂ ಕಡೆದಿರಬಹುದು. ಹಾಗಂದುಕೊಂಡರೆ ಏನು ಗಂಟು ಹೋಗುತ್ತದೆ?

ಸಾಯಂಕಾಲ ದನಕ್ಕೆ ಕಿಚ್ಚು ಹಾಯಿಸಿದ ಮೇಲೆ ಎದುರು ಮನೆಯ ಕೆಂಚಯ್ಯ ಎಳ್ಳುಬೆಲ್ಲಕ್ಕೆ ಬಂದರು. ಅತ್ತೆಯ ವಾರಗೆಯವರು. ಅವರನ್ನು ಅತ್ತೆ ತಮ್ಮ ತವರಿನ ಜೀತದಾಳು ಅಂದುಕೊಂಡು “ಕರಿ ಎತ್ನ ಕಟ್ಟಾಕಿದ್ಯೇನ್ಲಾ?” ಅಂದರು. ಕೆಂಚಯ್ಯ ಬೇಜಾರು ಮಾಡಿಕೊಳ್ಳಲಿಲ್ಲ.

“ಕಟ್ಟಾಕಿವ್ನಿ ಕಣವ್ವ” ಅಂದು, ಹೊರಗೆ ಬಂದು ಇವರಿಗೆ ಹೇಳಿದರು: “ಅರವತ್ತಕ್ಕೆ ಅರಳುಮರಳು ಅಂತಾರೆ. ಬೈರಕ್ಕಂಗೆ ಇಪ್ಪತ್ತು ವರ್ಸ ತಡವಾಗಿ ಬಂದದೆ. ಇನ್ನು ಇಂಗೇಯ ಕಣಪ್ಪ. ಮಗೀನಂಗೆ ನೋಡ್ಕಳಿ.”

ಇವರ ಮುಖ ಸಣ್ಣದಾಯಿತು. “ನಾಳೆ ಒಂದ್ಸಾರಿ ಕನಕಪುರಕ್ಕೆ ತೋರಿಸ್ಕಂಡು ಬರಾನಾ?” ಅಂದರು.

“ಹಬ್ಬದ ಮಾರ್ನೆ ದಿನ ಯಾವ ಡಾಕ್ಟ್ರು ಸಿಕ್ತಾರೆ? ಮೈ ಒಸಿನಾದ್ರೂ ಬೆಚ್ಚಗೈತಾ? ಎಷ್ಟು ಸಂತೋಷವಾಗವ್ರೆ ನೋಡಿ. ಅಲ್ಲೋಗಿ ಸೂಜಿ ಚುಚ್ಚಿಸ್ಬೇಕಾ?” ಅಂದೆ. ಹುಳ ಮತ್ತೆ ಜ್ವರಕ್ಕೆ ಕೂರುತ್ತಿವೆ, ಇವರು ಸುಣ್ಣ ಹಾಕಲು ಹೋದರು.

ಅತ್ತೆ ನಾಲ್ಕು ಮಾತಿಗೊಂದು ಸಲ ಉಸಿರು ಎಳೆದುಕೊಳ್ಳುತ್ತಾರೆ. ಅಷ್ಟು ಮಾತಾಡಿದರೆ ಯಾರಿಗಾದರೂ ದಣಿವಾಗುತ್ತದೆ. ಗಂಜಿ ಮಾಡಿಕೊಟ್ಟೆ. ಅಕ್ಕ ಎರಡು ಗುಟುಕು ಕುಡಿದು ಮಲಗಿದಳು. ಕಂಬಳಿ ಹೊದಿಸಿ ಬಂದೆ. ನಾಳೆ ನನ್ನ ತಲೆಗೆ ಹರಳೆಣ್ಣೆ ಹಾಕಿಕೊಡುತ್ತಾಳಂತೆ.

ಜನವರಿ 15, ಬುಧವಾರ. ಕನಕಪುರ, ಆಸ್ಪತ್ರೆ

ಬಟ್ಟೆ ಚೀಲದಲ್ಲಿ ಈ ಡೈರಿ ಹೇಗೆ ಬಂತೋ. ಬಂದಿದೆ, ಬರೆಯುತ್ತೇನೆ.

ಬೆಳಿಗ್ಗೆ ಹಾಲು ಹಾಕಿ ಬಂದಾಗ ಹುಳದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅತ್ತೆ. ಕಾಲಲ್ಲಿ ಚಪ್ಪಲಿ, ಕೊಟ್ಟಿಗೆಯ ಸಗಣಿ ಮೆಟ್ಟಿದ ಚಪ್ಪಲಿ. ಎರಡೂ ಕೈಯಲ್ಲಿ ಸೊಪ್ಪು ಬಾಚಿ ಬಾಚಿ ಜ್ವರಕ್ಕೆ ಕೂತ ಹುಳದ ಮೇಲೆ ಎಸೆಯುತ್ತಿದ್ದಾರೆ. “ಹಸಿದವೆ ಅಂಕಿ. ಯಾರೂ ಉಣ್ಣಕ್ಕಿಕ್ಕಿಲ್ಲ” ಅಂತ ಅಳುತ್ತಿದ್ದಾರೆ.

ನನ್ನ ಹೆಸರು ಮರೆಯಲಿ, ಕೆಂಚಯ್ಯನ ಹೆಸರು ಮರೆಯಲಿ. ಕೂತ ಹುಳಕ್ಕೆ ಸೊಪ್ಪು ಹಾಕುವವರು ನಮ್ಮತ್ತೆ ಅಲ್ಲವೇ ಅಲ್ಲ. ಹೋದ ವಾರದ ಸೋಮವಾರ ಒದ್ದೆ ಸೊಪ್ಪಿಗೆ ನನ್ನ ಚರ್ಮ ಸುಲಿದ ಹೆಂಗಸು ಇವರು. ವಯಸ್ಸು ಒಂದು ವಾರದಲ್ಲಿ ಬಂದುಬಿಡುತ್ತದೆಯೇ? ಹತ್ತಿರ ಹೋಗಿ ಹಿಡಿದುಕೊಂಡೆ. ಮೈ ತಣ್ಣಗೇ ಇತ್ತು, ಆದರೆ ತುಟಿ ನೇರಳೆಗಟ್ಟಿತ್ತು. ಪಕ್ಕೆ ನಾಯಿಯ ಪಕ್ಕೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ನನ್ನ ಕೈಯಲ್ಲೇ ಕುಸಿದರು.

ಇವರು ಓಡಿ ಬಂದು ಮೊದಲು ನೋಡಿದ್ದು ಹುಳದ ಕಡೆ. “ಸೊಪ್ಪು ತೆಗಿ ಮೊದ್ಲು, ಸೊಪ್ಪು ತೆಗಿ” ಅಂದರು.

“ಹುಳ ಹಾಳಾಗೋಗ್ಲಿ. ಗಾಡಿ ತರ್ಸಿ” ಅಂದೆ. ಈ ಮನೆಯಲ್ಲಿ ನಾನು ಹಾಗೆ ಮಾತಾಡಿದ್ದು ಇದೇ ಮೊದಲು. ಮಾರ್ಕೆಟ್ಟಿಗೆ ಗೂಡು ಸಾಗಿಸುವ ಮುಜಾಮಿಲ್ ತನ್ನ ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ದಾರಿಯುದ್ದಕ್ಕೂ ಅವರ ತಲೆ ನನ್ನ ಮಡಿಲಲ್ಲಿತ್ತು.

ಡಾಕ್ಟರ್ ನಿಖಾತ್ ಅಂತ, ಚಿಕ್ಕ ವಯಸ್ಸಿನವರು. ಬೆರಳಿಗೆ ಒಂದು ಕ್ಲಿಪ್ಪು ಹಾಕಿ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ಎಷ್ಟು ದಿನದಿಂದ ಹೀಗೆ?”

“ವಯಸ್ಸಾಗದಲ್ಲ ಮೇಡಮ್. ಅರಳುಮರಳು” ಅಂದರು ಇವರು.

“ಹತ್ತು ದಿನದ ಹಿಂದೆ ಹೇಗಿದ್ರು?”

“ನನ್ನ ಬಯ್ತಿದ್ರು” ಅಂದೆ.

“ಚೆನ್ನಾಗಿ ಬಯ್ತಿದ್ರಾ?”

“ಏಳೇಳು ಜನ್ಮಕ್ಕಾಗೋಷ್ಟು.”

“ಹಾಗಾದ್ರೆ ಇದು ವಯಸ್ಸಲ್ಲಮ್ಮ” ಅಂದರು. ನ್ಯುಮೋನಿಯಾ ಅಂತೆ. ಬಲಗಡೆಯ ಶ್ವಾಸಕೋಶದಲ್ಲಿ ಸೋಂಕು. ಇವರು ನಂಬಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ದಿನಾ ಹಣೆ ಮುಟ್ಟಿ ನೋಡಿದ್ದೇವೆ ಅಂತ ವಾದ ಹೂಡಿದರು.

“ಹಣೆ ಮುಟ್ಟಿದ್ರೆ ಗೊತ್ತಾಗಲ್ಲ. ತುಂಬ ವಯಸ್ಸಾದವರಿಗೆ ಎಷ್ಟೋ ಸಲ ಮೈ ಬಿಸೀನೇ ಆಗಲ್ಲ, ಕೆಮ್ಮೋಕೂ ಶಕ್ತಿ ಇರಲ್ಲ. ಕಾಯಿಲೆ ಎದೇಲಿರತ್ತೆ, ನಮಗೆ ಕಾಣೋದು ಊಟ ಬಿಟ್ಟಿದ್ದು, ಬಿದ್ದಿದ್ದು, ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡಿದ್ದು. ಎಲ್ಲರೂ ವಯಸ್ಸು ಅಂತ ಸುಮ್ಮನಾಗ್ತಾರೆ. ನಮ್ಮ ಮನೇಲೂ ಆಗಿದೆ. ರಾಮನಗರದಲ್ಲಿ ನಮ್ಮ ಅಬ್ಬಾ ರೀಲರ್, ಗೂಡಿಂದ ನೂಲು ತೆಗೆಯೋರು. ಹಾರ್ಟ್ ಅಟ್ಯಾಕ್ ಆದಾಗ ಎದೆನೋವೇ ಬರ್ಲಿಲ್ಲ. ಸುಸ್ತು ಅಂದ್ರು, ವಾಂತಿ ಬಂದ ಹಾಗಾಗತ್ತೆ ಅಂದ್ರು. ದಿನವಿಡೀ ಗೂಡು ಬೇಯಿಸೋ ಬಿಸಿನೀರಿನ ಮುಂದೆ ಕೂತಿರ್ತಾರಲ್ಲ, ಅದಕ್ಕೇ ಅಂದ್ಕೊಂಡ್ವಿ.”

ಅಬ್ಬಾ ಈಗ ಹೇಗಿದ್ದಾರೆ ಅಂತ ಕೇಳಲು ಧೈರ್ಯವಾಗಲಿಲ್ಲ. ಬೇರೆ ಕೇಳಿದೆ. “ಸೋಂಕು ಇಳುದ್ರೆ ಬುದ್ಧಿ ಬರ್ತದಾ?”

“ಬರಬೇಕು, ನಿಧಾನಕ್ಕೆ. ಆದ್ರೆ ತಡವಾಗಿದೆ. ಎರಡು ದಿನ ಏನೂ ಹೇಳೋಕಾಗಲ್ಲ. ಉಳಿದ್ರೆ ಮೊದಲಿನ ಹಾಗೇ ಆಗ್ತಾರೆ.”

ಇವರು ಕೈ ಮುಗಿದರು. ನಾನೂ ಮುಗಿದೆ. ಮೊದಲಿನ ಹಾಗೇ ಆದರೆ ಅಂಕಿಯ ತಲೆ ಬಾಚುವವರು ಇರುವುದಿಲ್ಲ. ನಿನ್ನೆಯೇ ಕರೆದುಕೊಂಡು ಬರೋಣ ಅಂದಿದ್ದರು ಇವರು. ಬೇಡ ಅಂದವಳು ನಾನು.

ಜನವರಿ 16, ಗುರುವಾರ

ಅತ್ತೆ ಆಕ್ಸಿಜನ್ ಮಾಸ್ಕು ಕಿತ್ತು ಕಿತ್ತು ಹಾಕುತ್ತಾರೆ. ನನ್ನ ಕೈ ಹಿಡಿದುಕೊಂಡರೆ ಮಾತ್ರ ಸುಮ್ಮನಿರುತ್ತಾರೆ. ಎಡಗೈ ಅವರ ಹತ್ತಿರ, ಬಲಗೈಯಲ್ಲಿ ಇದು. ಇವರು ಊರಿಗೆ ಹೋಗಿದ್ದಾರೆ, ಹುಳ ಎದ್ದಿರುತ್ತವೆ. ಮುನೇಶ್ವರ, ನಾನು ಕೇಳಿದ್ದನ್ನು ವಾಪಸು ತೆಗೆದುಕೋ.

ಜನವರಿ 18, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಬರೆಯುವಂಥದ್ದೂ ಏನಿರಲಿಲ್ಲ, ಬರೀ ಭಯ. ಇವತ್ತು ಉಸಿರು ಒಂದಿಷ್ಟು ಹದಕ್ಕೆ ಬಂದಿದೆ. ನರ್ಸ್ ಶೀಬಾ ಮಧ್ಯಾಹ್ನ ಮಾಸ್ಕು ತೆಗೆದು, ಸಣ್ಣ ಕೊಳವೆಯೊಂದನ್ನು ಮೂಗಿಗೆ ಸಿಕ್ಕಿಸಿ, “ಈಗ ನಾಲ್ಕು ಚಮಚ ಏನಾದ್ರೂ ಕುಡಿಸಿ” ಅಂದಳು. ಕುಡಿಸುತ್ತಿದ್ದೆ. ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ನನ್ನನ್ನು ಅಂದರೆ ಅಂಕಿಯನ್ನು.

“ಅಂಕಿ, ನಮ್ ಕುಮಾರನ ಹೆಂಡ್ರನ್ನ ನೋಡಿದ್ಯಾ?”

ಚಮಚ ಕೈಯಲ್ಲೇ ನಿಂತಿತು. “ಇಲ್ಲ ಕಣಕ್ಕ. ಹೆಂಗವ್ಳೆ?”

“ಚನ್ನಪಟ್ಟಣದೋಳು. ತಾಯಿಲ್ದ ಮಗು. ಬಂದಾಗ ಹುಳ ಮುಟ್ಟಕ್ಕೆ ಹೆದ್ರೋಳು. ಮುಟ್ಬುಟ್ಟು ಸೆರಗಲ್ಲಿ ಕೈ ಒರಸ್ಕಂಡು ಅಳೋಳು. ಈಗ ನಂಗೆ ಕಣ್ಣು ಕಾಣಕ್ಕಿಲ್ಲ ಅಲ್ವಾ, ಬಾಗ್ಲಾಗೇ ನಿಂತ್ಕಂಡು ಯಾವ ಹುಳಕ್ಕೆ ಏನಾಗದೆ ಅಂತ ಯೋಳ್ತಾಳೆ. ನನ್ ಕೈ ಅವ್ಳಿಗೆ ಬಂದ್ಬುಟ್ಟದೆ ಕಣೆ.”

“ಮತ್ತ್ಯಾಕಕ್ಕ ಅವಳ್ನ ಯಾವಾಗ್ಲೂ ಬಯ್ತೀಯಂತೆ?”

ಅತ್ತೆ ನನ್ನ ಕಡೆ ಎಷ್ಟು ದಡ್ಡಿ ಅನ್ನುವ ಹಾಗೆ ನೋಡಿದರು. “ಹುಳದ್ ಮುಂದೆ ನಿಂತ್ಕಂಡು ಹುಳ ಚೆಂದಾಗವೆ ಅಂತೀವಾ? ಕಣ್ಣಾಗಕ್ಕಿಲ್ವಾ? ಉಳೀಬೇಕು ಅನ್ನೋದ್ನ ಹೊಗಳ್ಬಾರ್ದು. ನೀನೆಲ್ಲಾರ ಯೋಳ್ಬುಟ್ಟೀಯೆ ಅವ್ಳ ತಾವ.”

“ಯೋಳಕ್ಕಿಲ್ಲ ಕಣಕ್ಕ.”

“ನನ್ನಾಣೆ?”

“ನಿನ್ನಾಣೆ.”

ಅದು ನಿಜ. ಹುಳ ಸಾಕುವ ಯಾವ ಮನೆಯಲ್ಲೂ ಬೆಳೆ ಚೆನ್ನಾಗಿದೆ ಅನ್ನುವ ಮಾತು ಕೇಳಿಸುವುದಿಲ್ಲ. ‘ಏನೋ ಐತೆ’ ಅನ್ನುತ್ತೇವೆ, ‘ನೋಡ್ಬೇಕು’ ಅನ್ನುತ್ತೇವೆ. ಇಷ್ಟು ವರ್ಷ ಅದೇ ಮಾತು ನಾನೂ ಆಡಿದ್ದೇನೆ. ನನ್ನನ್ನೂ ಆ ಲೆಕ್ಕದಲ್ಲೇ ಇಟ್ಟಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಶೀಬಾ ಓಡಿ ಬಂದು ಏನಾಯಿತು ಅಂತ ಮಂಚದ ಕಡೆ ನೋಡಿದಳು. ಏನೂ ಇಲ್ಲ, ಗಂಜಿ ಕುಡಿದರು ಅಂದೆ.

ಜನವರಿ 20, ಸೋಮವಾರ

ಬೆಳಿಗ್ಗೆ ಗಂಜಿಯ ಲೋಟ ಬಾಯಿಗಿಟ್ಟೆ. ಅತ್ತೆ ಮುಖ ಕಿವುಚಿದರು.

“ಏನೇ ಇದು, ಗಂಜಿಯಾ ಸುಣ್ಣದ್ ನೀರಾ? ನಾಲ್ಗೆ ಇಲ್ವಾ ನಿಂಗೆ?”

ನನಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಉಳಿದರು. ಅಂಕಿ ಹೋದಳು. ಒಂದೇ ಲೋಟದಲ್ಲಿ ಎರಡೂ ಆಯಿತು.

“ಅದ್ಯಾಕೆ ಹಲ್ ಬಿಡ್ತಿದ್ದೀಯಾ? ಕುಮಾರ ಎಲ್ಲಿ? ಹುಳ ಏನಾದ್ವು? ಹುಳನ ಬುಟ್ಟು ಇಲ್ಲಿ ಬಂದು ಕೂತಿದ್ದೀಯಾ?”

ಜನವರಿ 25, ಶನಿವಾರ

ಮೊನ್ನೆ ಮನೆಗೆ ಕರೆದುಕೊಂಡು ಬಂದೆವು. ಇನ್ನು ಮುಂದೆ ಊಟ ಬಿಟ್ಟರೆ, ಮಾತು ತಪ್ಪಿದರೆ, ಮೈ ತಣ್ಣಗಿದೆ ಅಂತ ಕಾಯಬೇಡಿ ಅಂತ ಡಾಕ್ಟರ್ ನಿಖಾತ್ ಇವರಿಗೆ ಎರಡೆರಡು ಸಲ ಹೇಳಿದರು. ಹೊರಡುವಾಗ ಧೈರ್ಯ ಮಾಡಿ ಅವರ ಅಬ್ಬಾನ ಬಗ್ಗೆ ಕೇಳಿದೆ. ಇದ್ದಾರಂತೆ. ಈಗಲೂ ಬಿಸಿನೀರಿನ ಮುಂದೆ ಕೂತುಕೊಳ್ಳಬೇಡ ಅಂದರೆ ಕೇಳುವುದಿಲ್ಲವಂತೆ. ಮನಸ್ಸು ಹಗುರಾಯಿತು.

ಅವತ್ತು ಅತ್ತೆ ಸೊಪ್ಪು ಎಸೆದ ಕಡೆಯ ಹುಳ ಒಂದಷ್ಟು ಕೆಟ್ಟಿವೆ. ಉಳಿದವನ್ನು ಇವರು ಒಬ್ಬರೇ ಕಾಪಾಡಿಕೊಂಡಿದ್ದಾರೆ. ಇವತ್ತು ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಯೆನ್ನುವ ಬಿದಿರು ತಟ್ಟಿಗಳಿಗೆ ಬಿಟ್ಟೆವು.

ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡೆ. ಅತ್ತೆ ಬಿಸಿಲು ಕಾಯುತ್ತ ಅಂಗಳದಲ್ಲಿ ಕೂತಿದ್ದರು. ಬೇಕು ಅಂತಲೇ ಅವರ ಮುಂದೆ ಹೋಗಿ, ಬೆನ್ನು ಹಾಕಿ ಕೂತು, ಕೂದಲು ಬಿಚ್ಚಿಕೊಂಡೆ.

“ಹುಳದ್ ಮನೆ ಮುಂದೆ ಕೂದ್ಲು ಕೆದರ್ಕಂಡು ಕೂತವ್ಳೆ! ಎದ್ದೋಗಿ ಗಂಟು ಹಾಕ್ಕೊ” ಅಂದರು.

ಎದ್ದು ಹೋದೆ. ಒಳಗೆ ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುವಾಗ ದುಃಖ ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇನ್ನೇನಾಗಬೇಕಿತ್ತು ನನಗೆ? ನನ್ನ ತಲೆ ಬಾಚುತ್ತ ಬಾಚುತ್ತ ಅವರು ಸಾಯಬೇಕಿತ್ತೇ? ಅಡುಗೆಮನೆಗೆ ಹೋಗಿ ಮೆತ್ತಗೆ ಮುದ್ದೆ ತಿರುವಿದೆ. ಮುಕ್ಕಾಲು ಮುದ್ದೆ ಉಂಡರು. ಸಾರಿಗೆ ಹುಳಿ ಜಾಸ್ತಿಯಂತೆ.

ಜನವರಿ 30, ಗುರುವಾರ

ಗೂಡು ಬಿಡಿಸುವ ದಿನ. ನಾಳೆ ಬೆಳಿಗ್ಗೆ ಇವರು ರಾಮನಗರದ ಮಾರ್ಕೆಟ್ಟಿಗೆ ಹೊರಡುತ್ತಾರೆ. ಅತ್ತೆಗೆ ಮಲಗಿಕೊಳ್ಳಿ ಅಂದೆ, ಕೇಳಲಿಲ್ಲ. ಚಂದ್ರಿಕೆಯ ಮುಂದೆ ನನ್ನ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತರು. ಕೈ ಇನ್ನೂ ನಡುಗುತ್ತದೆ, ಆದರೂ ಗೂಡಿಗೆ ನೋವಾಗದ ಹಾಗೆ ಬಿಡಿಸುತ್ತಾರೆ. ಇವರು ಮಂಕರಿ ತುಂಬಿಕೊಂಡು ಹೊರಗೆ ಹೋದ ಮೇಲೆ, ತಲೆ ಎತ್ತದೆ ಕೇಳಿದರು.

“ಆಸ್ಪತ್ರೇಲಿ ಏನೇನೋ ಬಡಬಡಿಸ್ತಿದ್ನಂತಲ್ಲ. ಕುಮಾರ ಅಂದ.”

“ಕಾಯಿಲೆ ಮಾತು ಅತ್ತೆ. ಅದ್ನ ಯಾರು ಲೆಕ್ಕಕ್ಕಿಟ್ಕತಾರೆ?”

“ಯಾರ ತಾವ ಮಾತಾಡ್ತಿದ್ದೆ?”

“ನಿಮ್ ತಂಗಿ ತಾವ.”

ಇನ್ನೊಂದು ಗೂಡಿಗೆ ಕೈ ಹಾಕಿದರು. “ನಿನ್ ಇಸ್ಯ ಏನಾರ ಅಂದ್ನಾ?”

ಅವರ ಬೆರಳು ಒಂದು ಗೂಡಿನ ಮೇಲೆ ನಿಂತಿತ್ತು. ಹೇಳಿಬಿಡಬಹುದಿತ್ತು. ಒಂದು ಮಾತು ಹೇಳಿದ್ದರೆ ಇಷ್ಟು ವರ್ಷದ್ದೆಲ್ಲ ಅಲ್ಲಿಗೇ ತೀರುತ್ತಿತ್ತು. ಮುಖ ನೋಡಿದೆ. ಹೆದರಿದ್ದರು. ಅವರು ಹೆದರಿದ್ದನ್ನು ನಾನು ಕಂಡದ್ದು ಇದೇ ಮೊದಲು. ಆಸ್ಪತ್ರೆಗೂ ಹೆದರದ ಹೆಂಗಸು.

“ಅಂದ್ರಿ. ಚನ್ನಪಟ್ಟಣದೋಳಿಗೆ ಒಂದು ಕೆಲ್ಸವೂ ಬರಕ್ಕಿಲ್ಲ, ಗಂಟು ಹಾಕ್ಕಂಡು ಕೆಟ್ಟೆ ಅಂತ ಇಡೀ ವಾರ್ಡಿಗೆ ಕೇಳಂಗೆ ಬಯ್ದ್ರಿ.”

ಅತ್ತೆ ದೊಡ್ಡದಾಗಿ ಉಸಿರು ಬಿಟ್ಟರು. ಗೂಡು ಬಿಡಿಸಿ ಮಂಕರಿಗೆ ಹಾಕಿದರು.

“ಅಂಗನ್ನು ಮತ್ತೆ” ಅಂದರು. “ನನ್ ಕೈ ನಿಂಗೆ ಬಂದ್ಬುಟ್ಟದೆ ಅಂತ ನಾನ್ಯಾಕೆ ಅಂದೇನು? ಅಷ್ಟು ಬುದ್ಧಿ ಕೆಟ್ಟಿತ್ತಾ ನಂಗೆ?”

ಆ ಮಾತನ್ನು ನಾನು ಯಾರ ಮುಂದೆಯೂ ಆಡಿಲ್ಲ, ಇವರ ಮುಂದೆಯೂ ಆಡಿಲ್ಲ. ಅತ್ತೆಯ ಕಡೆ ತಿರುಗಿದೆ. ಅವರು ಚಂದ್ರಿಕೆಯಿಂದ ಕಣ್ಣು ತೆಗೆಯಲಿಲ್ಲ.

“ಏನ್ ಬಾಯ್ ಬುಟ್ಕಂಡು ನೋಡ್ತಾ ಕೂತೆ? ಬಿಡ್ಸು” ಅಂದರು.

ಬಿಡಿಸಿದೆ.